ಬೀರುವಿನಲ್ಲಿರುವ ಅಂಗಿ

ಚಿಕ್ಕಂದಿನಲ್ಲಿ ಬಂದ ಜ್ವರವೊಂದು ನನ್ನ ಗಂಡನ ಹೃದಯದ ಕವಾಟವನ್ನು ಕೆಡಿಸಿತ್ತು. ರಕ್ತ ಹಿಂದಕ್ಕೆ ಸೋರಿ, ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತಿತ್ತು. ಡಾಕ್ಟರು ಅದನ್ನು ತೆಗೆದು ಲೋಹದ ಕವಾಟ ಕೂರಿಸಿದರು. ಅಂದಿನಿಂದ ಅವರ ಎದೆಯಲ್ಲಿ ಟಿಕ್ ಟಿಕ್ ಸದ್ದು. “ಗಡಿಯಾರ ನುಂಗಿದೀರಾ?” ಎಂದು ರೇಗಿಸುತ್ತಿದ್ದೆ.

ಒಂದು ಮಧ್ಯಾಹ್ನ ಅವರು ಅಂಗಡಿಗೆ ಹೋಗಿದ್ದಾಗ, ಮಡಚಿದ ಬಟ್ಟೆ ಇಡಲು ಬೀರು ತೆಗೆದೆ. ಒಳಗೆ ಅದೇ ಸದ್ದು. ಆಪರೇಷನ್ನಿಗೆ ಹೋದ ದಿನ ಅವರು ತೊಟ್ಟಿದ್ದ ಅಂಗಿಯಿಂದ ಬರುತ್ತಿತ್ತು. ಮುಟ್ಟಿದರೆ ಜೇಬಿನ ಹತ್ತಿರ ಮೈಯಷ್ಟೇ ಬೆಚ್ಚಗಿತ್ತು. ತಕ್ಷಣ ಅವರಿಗೆ ಫೋನ್ ಮಾಡಿದೆ.

“ಚೆನ್ನಾಗೇ ಇದೀನಿ ಕಣೆ. ಬೆಳಗ್ಗೆಯಿಂದ ಆ ಸದ್ದು ಮಾತ್ರ ನಿಂತುಹೋಗಿದೆ,” ಎಂದರು.

ಸಂಜೆ ಅವರೆದೆಗೆ ಕಿವಿಯಿಟ್ಟೆ. ಏನೂ ಕೇಳಿಸಲಿಲ್ಲ.

ಈಗಲೂ ದಿನಾ ಅಂಗಡಿಗೆ ಹೋಗಿ ಬರುತ್ತಾರೆ, ಮೆಟ್ಟಿಲನ್ನು ಸಲೀಸಾಗಿ ಹತ್ತುತ್ತಾರೆ. ಆ ಅಂಗಿಯನ್ನು ಒಗೆಯುವ ಧೈರ್ಯ ಮಾತ್ರ ನನಗಿನ್ನೂ ಬಂದಿಲ್ಲ.