ಮುಚ್ಚಳದ ಮೇಲಿನ ‘ಎಂ’

“ಇದನ್ನ ನೋಡ್ರಿ. ಏನರ ಕಾಣಸ್ತೈತಿ?”

ಕೆಲಸ ಬಿಟ್ಟು ಹೋದ ತಿಂಗಳುಗಳ ನಂತರ ಶಿಗ್ಗಾಂವಿಯ ಪ್ರಯೋಗಾಲಯದ ಬಾಗಿಲಲ್ಲಿ ನಿಂತ ಚನ್ನೇಶನಿಗೆ ಸುಧಾರಾಣಿಯ ಮೊದಲ ಮಾತು ಅದು. ಅವಳು ಚಿಮುಟದಲ್ಲಿ ಹಿಡಿದ, ಜೀವಕೋಶದ ಪ್ರೋಟೀನು ಇಳಿಸಿದ ಬಿಳಿ ಪೊರೆ ಅವನ ಮೂಗಿಗೆ ತಾಗುವಂತಿತ್ತು.

“ಏನೂ ಇಲ್ರಿ.”

“ನೀವು ಕೊಟ್ಟು ಹೋದ ಆ್ಯಂಟಿಬಾಡಿ ಹಾಕಿದ್ದು ಇದು.”

ತಾನಾಗಿಯೇ ಸಾಯಲು ಹೊರಟ ಜೀವಕೋಶದಲ್ಲಿ ಒಂದು ಪ್ರೋಟೀನು ತುಂಡಾಗುತ್ತದೆ. ಆ ತುಂಡನ್ನು ಹಿಡಿಯುವುದು ಮೊದಲ ಆ್ಯಂಟಿಬಾಡಿ. ಅದನ್ನು ಬಣ್ಣದ ಗೆರೆಯಾಗಿ ತೋರಿಸಲು ಎರಡನೆಯದು ಬೇಕು. ಮೊದಲನೆಯದು ಯಾವ ಪ್ರಾಣಿಯಲ್ಲಿ ತಯಾರಾದದ್ದೋ ಎರಡನೆಯದು ಅದಕ್ಕೆ ಹೊಂದಬೇಕು. ಸುಧಾರಾಣಿಗೆ ಇದೆಲ್ಲ ಬಾಯಿಪಾಠ. ಆದರೂ ಪೊರೆ ಪ್ರತಿ ಸಲ ಖಾಲಿ. ಇವತ್ತೂ ಗೆರೆ ಏಳದಿದ್ದರೆ ಕೆಲಸ ಬೇರೆಯವರಿಗೆ ಎಂದು ಪ್ರಯೋಗಾಲಯದ ಮುಖ್ಯಸ್ಥ ಜಯತೀರ್ಥ ಸರ್ ಬೆಳಿಗ್ಗೆಯೇ ಹೇಳಿದ್ದರು.

‘ಒಂದು ಮಾತು ಹೇಳದೆ ಬೇರೆ ಕೆಲಸಕ್ಕೆ ಹಾನಗಲ್ಲಿಗೆ ಹೋದ. ಕೆಟ್ಟ ಮಾಲು ಕೊಟ್ಟು ಹೋದ...’ ಎಂದುಕೊಳ್ಳುತ್ತ ಅವಳು ಪೊರೆಯನ್ನು ತಟ್ಟೆಗೆ ಹಾಕಿದಳು.

“ಎರಡನೇದ್ದು ಯಾವುದು ಹಾಕೀರಿ?”

“ಇಲೀದು. ಮೊದಲನೇದ್ದರ ಸೀಸೆ ಮುಚ್ಚಳದ ಮ್ಯಾಲೆ ನೀವಽ ‘ಎಂ’ ಅಂತ ಬರದೀರಲ್ಲ. ಮೌಸ್.”

ಚನ್ನೇಶ ತಲೆ ಕೆರೆದುಕೊಂಡ. “ಅದು ಮೊಲರಿ.”

“ಏನು?”

“ಎಂ ಅಂದ್ರ ಮೊಲ. ಅಕ್ಷರ ಇಂಗ್ಲಿಷಿಂದು, ತಲಿ ನಮ್ಮೂರು ಮಾಸೂರಿಂದು...”

ನಗಬೇಕೋ ಹೊಡೆಯಬೇಕೋ ಅವಳಿಗೆ ತಿಳಿಯಲಿಲ್ಲ. “ಭಾಳ ಶ್ಯಾಣ್ಯಾ ಅದೀರಿ. ಜಗತ್ತೆಲ್ಲ ಅದಕ್ಕ ರ‍್ಯಾಬಿಟ್ ಅಂತ ‘ಆರ್’ ಬರಿತೈತಿ.”

“ತಪ್ಪಾತು. ಫೋನ್ ಎತ್ತಿದ್ರ ಅವತ್ತಽ ತಿಳೀತಿತ್ತು.”

“ಹೇಳದ ಹೋದವ್ರ ಫೋನ್ ಯಾಕ ಎತ್ಲಿ?”

“ಹೇಳಿದ್ದೆ. ‘ಬರ್ತೇನಿ’ ಅಂದೆ. ನೀವು ಮಷಿನ್ ಕಡೆ ಮುಖ ಮಾಡಿ ‘ಹೂಂ’ ಅಂದ್ರಿ. ಚಾಕ್ಕ ಹೊಂಟಾನ ಅಂದ್ಕೊಂಡ್ರೇನ?”

ಹೌದು, ಹಾಗೆಯೇ ಅಂದುಕೊಂಡಿದ್ದಳು. ತಿರುಗಿ, ಮೊಲದ್ದಕ್ಕೆ ಹೊಂದುವ ಎರಡನೇ ಆ್ಯಂಟಿಬಾಡಿಯ ಬಾಟಲಿ ತೆಗೆದಳು.

ಪೊರೆಯನ್ನು ನೆನೆಸಿದರು, ತೊಳೆದರು, ಮತ್ತೆ ತೊಳೆದರು. ಕಿಟಕಿಯ ಬಿಸಿಲು ಮೇಜಿನಿಂದ ನೆಲಕ್ಕೆ ಇಳಿಯಿತು. ಕೊನೆಗೆ ಅವಳು ಬಣ್ಣ ಹಾಕಿದಳು.

ಏನೂ ಇಲ್ಲ... ಏನೂ ಇಲ್ಲ...

ಆಮೇಲೆ, ಮೆಲ್ಲಗೆ, ಒಂದು ಕಂದು ಗೆರೆ.

“ಸರ್‌ಗೆ ತೋರಸ್ರಿ, ಹೋಗ್ರಿ.”

ಅವಳು ಕದಲಲಿಲ್ಲ. “ಇವತ್ತ ಯಾಕ ಬಂದ್ರಿ?”

“ಹಾನಗಲ್ಲಿನ್ಯಾಗ ನನ್ನ ಯಾರೂ ಬೈಯೂದಿಲ್ಲ. ಇರಾಕ ಆಗವಲ್ದು.” ಚಿಮುಟವನ್ನು ಪಕ್ಕಕ್ಕಿಟ್ಟು ಅಂದ, “ನಮ್ಮವ್ವನ್ನ ನಿಮ್ಮೂರು ಹಿರೇಬೆಂಡಿಗೇರಿಗೆ ಕಳಸ್ಲೇನ? ನಿಮ್ಮ ಮನ್ಯಾಗ ಮಾತಾಡಾಕ?”

ಅವಳ ಕಣ್ಣು ತುಂಬಿ ಗೆರೆ ಮಸುಕಾಯಿತು.

“ನೀವೂ ಬರ್ರಿ. ಹುಡುಗನ್ನ ನೋಡದ ನಮ್ಮವ್ವ ಒಪ್ಪೂದಿಲ್ಲ.”

“ನೀವು?”

“ನಾ ನೋಡೇನಲ್ಲ...”