ಏಳು ಸಂಜೆಯ ಕೂಗು

“ಮುಚ್ಚಳಕ್ಕೆ ಒಂದು ತೂತಾದ್ರೂ ಮಾಡೋದಲ್ವಾ? ಸಾಯ್ಲಿ ಅಂತ ತಂದ್ರಾ, ಬದುಕ್ಲಿ ಅಂತ ತಂದ್ರಾ?”

ಅವಳ ಕೈಯಿಂದ ಗಾಜಿನ ಭರಣಿಯನ್ನು ಹೆಚ್ಚುಕಡಿಮೆ ಕಸಿದುಕೊಂಡೇ ಅವನು ಕೇಳಿದ. ಅದು ಕಾಲೇಜಿನ ಪ್ರಾಣಿಶಾಸ್ತ್ರ ಸಂಗ್ರಹಾಲಯದ ಹಿಂಬದಿಯ ಕೋಣೆ. ಗೋಡೆಯುದ್ದಕ್ಕೂ ಬಾಟಲಿಗಳಲ್ಲಿ ಮುಳುಗಿ ಕೂತ ಕಪ್ಪೆಗಳು. ಊರಿನವರು ಅವನನ್ನು ಕಪ್ಪೆ ಮೇಷ್ಟ್ರು ಎನ್ನುತ್ತಿದ್ದುದು ಸುಮ್ಮನೆ ಅಲ್ಲ.

ಅವಳಿಗೆ ಕೋಪ ಬರಬೇಕಿತ್ತು. ಬರಲಿಲ್ಲ.

ಆ ದನಿ... ಪಿಯಾನೋದ ಎಡತುದಿಯ ದಪ್ಪ ತಂತಿಯನ್ನು ಮೆಲ್ಲಗೆ ಮುಟ್ಟಿದ ಹಾಗಿತ್ತು. ಪಿಯಾನೋಗಳಿಗೆ ಶ್ರುತಿ ಕೂಡಿಸುವುದು ಅವಳ ಕೆಲಸ. ಅಪ್ಪನಿಂದ ಬಂದ ಕಸುಬು, ಅಪ್ಪನಿಂದ ಬಂದ ಕಿವಿ. ಮುಖ ನೋಡಿ ಮನುಷ್ಯರನ್ನು ಅಳೆಯುವುದು ಅವಳಿಗೆ ತಿಳಿಯದು. ದನಿ ಕೇಳಿ ಅಳೆಯುತ್ತಿದ್ದಳು.

ಭರಣಿಯಲ್ಲಿದ್ದುದು ಹೆಬ್ಬೆರಳ ಉಗುರಿನಷ್ಟು ಪುಟ್ಟ ಕಪ್ಪೆ. ಒದ್ದೆ ಮಣ್ಣಿನ ಬಣ್ಣ, ಬೆನ್ನ ಮೇಲೊಂದು ಬಿಳಿ ಗೆರೆ. ಹಿಂಬಾಗಿಲ ಹೂಕುಂಡದ ತಟ್ಟೆಯಲ್ಲಿ ಸಿಕ್ಕಿತ್ತು. ಅಂಥದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

ಅವನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದ. ಇದೇ ರೂಪದವು ಎರಡು ಜಾತಿ ಇವೆ, ಒಂದು ಎಲ್ಲ ಹಿತ್ತಲಲ್ಲೂ ಸಿಗುವುದು, ಇನ್ನೊಂದು ಬಲು ಅಪರೂಪ, ಕೂಗು ಕೇಳಿದರೆ ಮಾತ್ರ ಯಾವುದೆಂದು ಹೇಳಬಹುದು ಎಂದ. ಸಿಕ್ಕ ಜಾಗದಲ್ಲೇ ಬಿಟ್ಟು, ಸಂಜೆ ಅದು ಕೂಗುವಾಗ ಫೋನಿನಲ್ಲಿ ಹಿಡಿದು ಕಳಿಸಲು ಹೇಳಿದ.

ಕೂಗು ಗುರುತಿಸುವುದಂತೆ... ಅದು ತನ್ನದೇ ಕೆಲಸವಲ್ಲವೇ ಎಂದು ಅವಳಿಗೆ ಒಳಗೊಳಗೇ ನಗು ಬಂತು.

ಆ ಸಂಜೆ ಕುಂಡದ ಪಕ್ಕ ಮಂಡಿಯೂರಿ ಫೋನು ಹಿಡಿದು ಕೂತಳು. ಕಪ್ಪೆಯ ಗಂಟಲು ಗುಳ್ಳೆಯಂತೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಪಾಪ, ಉಸಿರಾಡುತ್ತಿದೆ ಎಂದುಕೊಂಡಳು. ಸದ್ದೇ ಇಲ್ಲ. ಮನೆಯಲ್ಲಿ ಜೊತೆಗಿದ್ದ ಸೋದರತ್ತೆಯನ್ನು ಕರೆದು ಏನಾದರೂ ಕೇಳುತ್ತಿದೆಯೇ ಎಂದು ಕೂಗಿ ಕೇಳಿದಳು. ಎಪ್ಪತ್ತೆಂಟರ ಅತ್ತೆಗೆ ಬಾಗಿಲ ಗಂಟೆಯೇ ಕೇಳಿಸದು. “ನಿನ್ನ ಕಪ್ಪೆ ಮೂಗಿ ಕಣೇ,” ಎಂದು ತೀರ್ಪು ಕೊಟ್ಟು ಒಳಗೆ ಹೋದರು.

‘ಕ್ಷಮಿಸಿ, ಇವತ್ತು ಕೂಗಲಿಲ್ಲ. ಆದರೂ ಕಳಿಸಿದ್ದೇನೆ’ ಎಂದು ಬರೆದಳು.

ಮರುದಿನ ಬೆಳಿಗ್ಗೆ ಅವನೇ ಫೋನ್ ಮಾಡಿದ. ಕ್ಷಣ ತಡೆದು, ನಾಳೆ ಕೂಗಬಹುದು ನೋಡೋಣ ಎಂದ.

ಹೀಗೆ ಏಳು ಸಂಜೆ. ಪ್ರತಿ ಸಂಜೆಯೂ ಅದೇ ಕ್ಷಮೆ, ಪ್ರತಿ ಬೆಳಿಗ್ಗೆಯೂ ಅದೇ ದನಿ. ಮಾತು ಕಪ್ಪೆಯಿಂದ ಶುರುವಾಗಿ ಅವನ ತಾಯಿ ತೀರಿಕೊಂಡ ವರ್ಷಕ್ಕೆ ಬರುತ್ತಿತ್ತು, ಅವಳು ಮದುವೆಯೇ ಬೇಡವೆಂದು ಕೂತ ಕಾರಣಕ್ಕೆ ಬರುತ್ತಿತ್ತು. ಮೂವತ್ತಾರರ ಹೆಣ್ಣು ಫೋನು ಬರುವ ಮೊದಲೇ ತಲೆ ಬಾಚಿಕೊಂಡು ಕೂರುತ್ತಿದ್ದಳು. ಅತ್ತೆಗೆ ಕಿವಿ ಮಂದವೇ ಹೊರತು ಕಣ್ಣಲ್ಲ.

‘ಅದು ಕೂಗದೇ ಇರಲಿ ದೇವರೇ... ಇನ್ನೊಂದು ದಿನ’ ಎಂದು ಅವಳು ಬೇಡಿಕೊಂಡದ್ದೂ ಉಂಟು. ಬೇಡಿದ್ದು ಏನೆಂದು ಆಗ ಅವಳಿಗೆ ತಿಳಿದಿರಲಿಲ್ಲ.

ಎಂಟನೇ ದಿನ ಅವನು ಆ ಬಾಟಲಿಗಳ ಕೋಣೆಗೆ ಕರೆದ. ಚಹಾ ಮುಂದಿಟ್ಟ.

“ಸಾಕು ಬಿಡಿ ಈ ಆಟ. ಏಳೂ ದಿನ ಕೂಗಿದೆ ಅದು. ಮೊದಲ್ನೇ ದಿನಾನೇ ನಂಗೆ ಜಾತಿ ಗೊತ್ತಾಯ್ತು. ನೀವು ಕೂಗ್ಲಿಲ್ಲ ಅಂದ್ರಿ... ಓಹೋ, ಇವ್ರಿಗೂ ಮಾತು ಮುಂದುವರೀಲಿ ಅಂತಿದೆ ಅಂದ್ಕೊಂಡು ನಾನೂ ಸುಮ್ನಾದೆ.”

ನಗುತ್ತಾ ಅವಳು ಮೊದಲ ಸಂಜೆ ಕಳಿಸಿದ್ದ ಧ್ವನಿಯನ್ನು ಕಂಪ್ಯೂಟರಿನಲ್ಲಿ ಹಾಕಿದ. ಪರದೆಯ ಮೇಲೆ ಹಸಿರು ಗೆರೆ ಎದ್ದೆದ್ದು ಕುಣಿಯಿತು. ಟಿಕ್, ಟಿಕ್, ಟಿಕ್ ಎಂದು ಅವನ ಬೆರಳು ಮೇಜಿನ ಮೇಲೆ ತಾಳ ಹಾಕಿತು.

ಅವಳಿಗೆ ಬೆರಳಿನ ಸದ್ದು ಕೇಳಿತು. ಅದರಾಚೆ ಏನೂ ಇಲ್ಲ.

ಆಗ ನೆನಪಾಯಿತು. ಎರಡು ತಿಂಗಳ ಹಿಂದೆ ಸಂಗೀತ ಶಾಲೆಯ ಟೀಚರು, ಅವಳು ಶ್ರುತಿ ಕೂಡಿಸಿದ ಪಿಯಾನೋದಲ್ಲಿ ಬಲತುದಿಯ ಎತ್ತರದ ಸ್ವರಗಳು ಅಪಸ್ವರವಾಗಿ ಬರುತ್ತಿವೆ ಎಂದು ಹೇಳಿಕಳಿಸಿದ್ದರು. ಕಿವಿ ಸರಿಯಿಲ್ಲದ್ದು ನಿಮ್ಮದೇ ಎಂದು ಇವಳು ಜಂಬದಿಂದ ಉತ್ತರಿಸಿದ್ದಳು...

ಚಹಾ ಹಾಗೇ ಬಿಟ್ಟು ಎದ್ದು ಹೊರಟಳು. ಅವನು ಬಾಗಿಲವರೆಗೆ ಓಡಿ ಬಂದು ನಿಂತೇಬಿಟ್ಟ. ಸಲುಗೆ ಮೀರಿ ಮಾತಾಡಿದೆ, ಅವಳಿಗೆ ನೋವಾಯಿತು ಎಂದು ತಿಳಿದ.

ಕಿವಿಯ ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. ಮೇಲಿನ ಸ್ವರಗಳು ಹೋಗಿವೆ, ಮರಳುವುದಿಲ್ಲ, ವರ್ಷ ಕಳೆದಂತೆ ಕೆಳಗಿನವೂ ಹೋಗುತ್ತವೆ.

ಎತ್ತರದ ಮೆಟ್ಟಿಲಿಂದ ಒಂದೊಂದೇ ದೀಪ ಆರಿಸುತ್ತಾ ಯಾರೋ ಇಳಿದು ಬರುತ್ತಿದ್ದಾರೆ ಎಂದು ಅವಳಿಗೆ ಅನ್ನಿಸಿತು. ಅವನ ದನಿ ತೀರಾ ಕೆಳಗಿನ ಮೆಟ್ಟಿಲಲ್ಲಿದೆ. ಒಂದು ದಿನ ಅಲ್ಲಿಗೂ...

‘ಬೇರೆ ಏನು ಕೇಳಿದ್ದರೂ ಕೊಡುತ್ತಿದ್ದೆನಲ್ಲ ದೇವರೇ. ಕಿವಿಯೇ ಬೇಕಾಯಿತೇ ನಿನಗೆ?’

ಸಂಗೀತ ಶಾಲೆಗೆ ಹೋಗಿ ಟೀಚರ ಕ್ಷಮೆ ಕೇಳಿ ಬಂದಳು. ಅಪ್ಪ ಹಿಡಿದು ಹಿಡಿದು ನುಣುಪಾಗಿದ್ದ ತಂತಿ ಬಿಗಿಸುವ ಶ್ರುತಿಯ ಕೀಲಿಯನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಕೆಳಗಿನ ಖಾನೆಯಲ್ಲಿ ಇಟ್ಟಳು, ಸತ್ತ ಹಕ್ಕಿಯನ್ನು ಇಡುವ ಹಾಗೆ. ಅವನ ಫೋನು ಬರುತ್ತಿತ್ತು. ಎತ್ತಲಿಲ್ಲ. ಅತ್ತೆಯೊಂದಿಗೆ ಗಂಟಲು ಹರಿದುಕೊಂಡು ಮಾತಾಡುವಾಗೆಲ್ಲ ತನ್ನ ಮುಂದಿನ ದಿನಗಳೊಂದಿಗೇ ಮಾತಾಡಿದಂತಾಗುತ್ತಿತ್ತು. ಇಂಥದ್ದನ್ನು ಇನ್ನೊಬ್ಬರ ಮನೆಗೆ ಹೊತ್ತುಕೊಂಡು ಹೋಗುವುದೇ?

ಇಪ್ಪತ್ತು ದಿನವಾದ ಮೇಲೆ, ಒಂದು ಸಂಜೆ ಅವನೇ ಬಂದ. ಕಿಟಕಿಯಿಂದ ಕಂಡ ಅತ್ತೆ ಬಾಗಿಲು ತೆರೆದರು. ಅವನು ಮೂರು ಸಲ ತಾನು ಯಾರೆಂದು ಹೇಳಿದ. ನಾಲ್ಕನೇ ಸಲ ಅತ್ತೆಯೇ ತಡೆದರು.

“ಅರಚ್ಬೇಡಪ್ಪ. ನೀನು ಯಾರು ಅಂತ ಅವಳ ಮುಖ ನೋಡೇ ಗೊತ್ತಾಗಿದೆ. ಹೋಗು, ಕುಂಡದ ಹತ್ರ ಕೂತಿದಾಳೆ.”

ಅವಳು ತಿರುಗಿ ನೋಡಲಿಲ್ಲ. ಅವನು ಹಿಂಬಾಗಿಲ ಮೆಟ್ಟಿಲ ಮೇಲೆ, ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತ.

“ಆಟ ಅಂದಿದ್ದು ನನ್ನ ತಪ್ಪು. ಅದೊಂದು ಹೇಳಿ ಹೋಗ್ತೀನಿ.”

“ಅದು ಆಟ ಆಗಿರ್ಲಿಲ್ಲ,” ಎಂದಳು. “ನಂಗೆ ನಿಜವಾಗ್ಲೂ ಕೇಳಿಸ್ಲಿಲ್ಲ.”

ಡಾಕ್ಟರು ಹೇಳಿದ್ದು, ಕಪಾಟಿನಲ್ಲಿಟ್ಟ ಕೀಲಿ, ಎಲ್ಲವನ್ನೂ ಹೇಳಿದಳು. ಹೇಳುವಾಗ ಅಳಲಿಲ್ಲ.

“ನಿಮ್ಮ ದನಿನೂ ಒಂದಿನ ಹೋಗತ್ತೆ. ಗೊತ್ತಿದ್ದೂ ನಿಮಗೆ ಹೇಗೆ ಹೂಂ ಅನ್ಲಿ?”

ಆ ಹೊತ್ತಿಗೆ ತಟ್ಟೆಯಲ್ಲಿ ಕಪ್ಪೆಯ ಗಂಟಲು ಉಬ್ಬಿತು. ಅವನು ಮೇಲೆ ಸರಿದು, ಅವಳ ಅಂಗೈಯನ್ನು ತೆಗೆದುಕೊಂಡು ಬೆರಳಿನಿಂದ ತಟ್ಟತೊಡಗಿದ. ಮೂರು ಚಿಕ್ಕವು. ಆಮೇಲೆ ಅಂಗೈಯುದ್ದಕ್ಕೂ ಒಂದು ಎಳೆತ. ಮತ್ತೆ ಮೂರು.

ಅವಳು ಕಪ್ಪೆಯನ್ನು ನೋಡಿದಳು, ಬೆರಳನ್ನು ನೋಡಿದಳು. ಎರಡೂ ಒಂದೇ ಲಯ.

ಆಗ ಅಳು ಬಂತು. ಇಪ್ಪತ್ತು ದಿನದ್ದು. ಅವನು ತಟ್ಟುವುದನ್ನು ನಿಲ್ಲಿಸಲಿಲ್ಲ.

“ಯಾವ ಜಾತಿ?” ಎಂದು ಮೂಗೊರೆಸಿಕೊಂಡು ಕೇಳಿದಳು.

“ಎಲ್ಲಾ ಹಿತ್ತಲಲ್ಲೂ ಇರೋದೇ. ಪುಸ್ತಕದಲ್ಲೂ ಎರಡೇ ಸಾಲು.”

“ಕರೆದದ್ದಕ್ಕೆ ಯಾರಾದ್ರೂ ಬಂದ್ರಾ?”

“ಇನ್ನೂ ಇಲ್ಲ. ಆದ್ರೂ ದಿನಾ ಕೂತು ಕರೀತಿದೆ.”

ಕತ್ತಲು ಮೆಲ್ಲಗೆ ಹಿತ್ತಲಿಗೆ ಇಳಿಯಿತು. ಹೋದ ಸ್ವರಗಳು ಹೋದವೇ, ಯಾವುದೂ ಮರಳಲಿಲ್ಲ. ಕಪ್ಪೆಯ ಗಂಟಲ ಗುಳ್ಳೆ ಚಿಕ್ಕದಾಗಿ ಮಡಿಚಿಕೊಂಡಿತು. ಅವನ ಬೆರಳೂ ನಿಂತಿತು.

“ನಿಲ್ಲಿಸ್ತು,” ಎಂದ ಅವನು, ಕೈ ಹಿಂದೆ ತೆಗೆದುಕೊಳ್ಳುತ್ತಾ.

ಅವಳು ಆ ಬೆರಳನ್ನು ಹಿಡಿದುಕೊಂಡಳು.

“ಇರ್ಲಿ, ಬಿಡಬೇಡಿ... ಮತ್ತೆ ಶುರುವಾದ್ರೆ ನಂಗೆ ಹೇಳೋರ್ಯಾರು?”