ತೊಲೆಯಡಿಯ ಟೊಳ್ಳು

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಅವನು ದೋಣಿ ರಿಪೇರಿ ಶೆಡ್ಡಿನ ಬಾಗಿಲಿಗೆ ಬಂದಾಗ ಕೈಯಲ್ಲಿ ಬಣ್ಣದ ಮೂರು ಸ್ಯಾಂಪಲ್ ಚೀಟಿಗಳಿದ್ದವು. ಮೂರೂ ನೀಲಿಯೇ. ಯಾವ ನೀಲಿ ಎಂಬುದಷ್ಟೇ ತೀರ್ಮಾನವಾಗಬೇಕಿತ್ತು.

ಒಳಗೆ, ಅವನ ದೋಣಿಯಲ್ಲಿ, ಮಾಸ್ಕು ಕನ್ನಡಕ ತೊಟ್ಟ ಯಾರೋ ಮಂಡಿಯೂರಿ ಕುಳಿತು ಗ್ರೈಂಡರಿನಿಂದ ದೋಣಿಯ ನೆಲವನ್ನು ಸೀಳುತ್ತಿದ್ದರು. ಅರ್ಧ ನೆಲ ಆಗಲೇ ಹೊರಗೆ ಬಿದ್ದಿತ್ತು.

“ನಿಲ್ಸಿ! ರೀ, ನಿಲ್ಸಿ!”

ಗ್ರೈಂಡರ್ ನಿಂತಿತು. ಮಾಸ್ಕು ಗದ್ದಕ್ಕಿಳಿಯಿತು. ನಲವತ್ತರ ಹತ್ತಿರದ ಹೆಂಗಸು. ಕನ್ನಡಕ, ಮಾಸ್ಕು ಇದ್ದ ಜಾಗ ಬಿಟ್ಟರೆ ಮುಖವೆಲ್ಲ ಬಿಳಿ ಪುಡಿ.

“ಏನಾಯ್ತು?”

“ಇದು ನನ್ನ ದೋಣಿ.”

“ಇದು ಒಡೆಯೋ ದೋಣಿ. ಆರನೇ ನಂಬರು.”

“ನಂದು ಒಂಬತ್ತು.”

ಅವಳು ಕೆಳಗಿಳಿದು ದೋಣಿಯ ಮೂತಿಗೆ ಕಟ್ಟಿದ್ದ ರಟ್ಟನ್ನು ನೋಡಿದಳು. ಯಾರೋ ಅದನ್ನು ತಲೆಕೆಳಗಾಗಿ ಕಟ್ಟಿದ್ದರು. ಯಾರೋ ಎಂದರೆ ಅವಳ ಸೋದರಮಾವ. ಶೆಡ್ಡಿನಲ್ಲಿ ಇದ್ದದ್ದೇ ಅವರಿಬ್ಬರು. ಅವಳು ರಟ್ಟನ್ನು ತಿರುಗಿಸಿದಳು. ಒಂಬತ್ತು.

“ತಪ್ಪು ನಮ್ಮದೇ,” ಎಂದಳು. ಕ್ಷಮೆ ಕೇಳುವ ದನಿಯಲ್ಲ, ಅಳತೆ ಓದಿ ಹೇಳುವ ದನಿ. “ಆದ್ರೆ ಬಯ್ಯೋಕೆ ಮುಂಚೆ ಇಲ್ಲಿ ಒಂದ್ಸಲ ಕೈ ಹಾಕಿ ನೋಡಿ.”

ಅವನು ಕೈ ಹಾಕಿದ. ನೆಲದ ಕೆಳಗೆ ದೋಣಿಯ ಉದ್ದಕ್ಕೂ ಎರಡು ಮರದ ತೊಲೆಗಳು ಇರಬೇಕಿತ್ತು. ದೋಣಿಗೆ ಅವೇ ಬೆನ್ನುಮೂಳೆ. ಬೆರಳಿಗೆ ಸಿಕ್ಕಿದ್ದು ಸೋಸಿದ ಚಹಾದ ಚರಟದಂಥದ್ದು, ಕಪ್ಪಗೆ, ಒದ್ದೆಯಾಗಿ. ಹಿಂಡಿದರೆ ನೀರಿಳಿಯಿತು.

“ಇದು ಮರಾನಾ?”

“ಆಗಿತ್ತು. ಹೊರಗಿನ ಫೈಬರ್ ಕೊಳೆಯಲ್ಲ. ಒಳಗಿನ ಮರ ಕೊಳೆಯುತ್ತೆ. ಯಾವತ್ತೋ ಯಾರೋ ಒಂದು ಸ್ಕ್ರೂ ಹಾಕಿರ್ತಾರೆ, ಆ ತೂತಲ್ಲಿ ನೀರು ಇಳಿದಿರುತ್ತೆ. ಮೇಲೆ ಬಣ್ಣ ಹೊಡೆದು ಎಷ್ಟು ವರ್ಷ ಬೇಕಾದ್ರೂ ಸಾಗಿಸಬಹುದು. ನೀವೂ ಅದಕ್ಕೇ ಬಂದಿದ್ದು ಅಲ್ವಾ?”

ಅವನು ಮೂರು ನೀಲಿ ಚೀಟಿಗಳನ್ನು ಜೇಬಿಗೆ ಸೇರಿಸಿದ.

ಅವನು ದೊಡ್ಡಾಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವನು. ನೆಲಮಾಳಿಗೆಯ ಕಿಟಕಿಯಿಲ್ಲದ ಕೋಣೆಯಲ್ಲಿ ಹನ್ನೊಂದು ವರ್ಷ “ಉಸಿರು ಹಿಡ್ಕೊಳ್ಳಿ, ಈಗ ಬಿಡಿ” ಎಂದು ಹೇಳಿದ್ದ. ದೂರದ ಒಂದು ದ್ವೀಪದಲ್ಲಿ ಹೊಸ ಆಸ್ಪತ್ರೆ ಶುರುವಾಗುತ್ತದೆ ಎಂದು ತಿಳಿದ ದಿನವೇ ವರ್ಗ ಕೇಳಿ ಬರೆದ. ಆರ್ಡರ್ ಬಂತು. ಇನ್ನು ನಾಲ್ಕು ತಿಂಗಳಲ್ಲಿ ಹಾಜರಾಗಬೇಕು. ಅಲ್ಲಿ ಓಡಾಡಲು ಸ್ವಂತ ದೋಣಿ ಇದ್ದರೆ ಒಳ್ಳೆಯದು ಎಂದು ಯಾರೋ ಹೇಳಿದರು, ಪೇಪರಿನಲ್ಲಿ ಜಾಹೀರಾತು ನೋಡಿ ಇದನ್ನು ಕೊಂಡ. ಹದಿನೇಳು ಅಡಿ. ವಯಸ್ಸಿನಲ್ಲಿ ಅವನಿಗಿಂತ ಎರಡು ವರ್ಷ ದೊಡ್ಡದು.

“ಸೀಳಿದ್ದು ನಾನು, ಕಟ್ಟಿಕೊಡೋದೂ ನಾನೇ,” ಎಂದಳು ಅವಳು. “ನಾಲ್ಕು ತಿಂಗಳು ಸಾಕು. ಆದ್ರೆ ಶನಿವಾರ ಭಾನುವಾರ ನೀವೂ ಬರಬೇಕು. ಮಾವನ ಮಂಡಿ ಈಗ ಬಗ್ಗಲ್ಲ.”

ಹೀಗೆ ಅವನು ಬರತೊಡಗಿದ.

ಮೊದಲ ತಿಂಗಳೆಲ್ಲ ಕೊಳೆತದ್ದನ್ನು ತೆಗೆಯುವುದರಲ್ಲೇ ಹೋಯಿತು. ಉಳಿ, ಕೆರೆಯುವ ಕೊಕ್ಕೆ, ಕೊನೆಗೆ ಅಡುಗೆಮನೆಯ ಸೌಟು. ಮರವೆಲ್ಲ ಬಂದುಬಿಟ್ಟರೆ ದೋಣಿಯ ಆಕಾರ ಕೆಡುತ್ತದೆಂದು ಅವಳು ಹೊರಗಿನಿಂದ ಹನ್ನೆರಡು ಕಡೆ ಆಸರೆ ಕೊಟ್ಟಿದ್ದಳು. ದಿನಾ ಬೆಳಿಗ್ಗೆ ಒಂದೊಂದನ್ನೂ ಮುಟ್ಟಿ ನೋಡುತ್ತಿದ್ದಳು. ಅವನು ಅವಳ ಕೈಗಳನ್ನು ನೋಡುತ್ತಿದ್ದ. ಅವಳಿಗೆ ಅದು ಗೊತ್ತಿತ್ತು.

ಮಾವ ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತು ಮಾತು ನೋಡಿಕೊಳ್ಳುತ್ತಿದ್ದರು. ಅವನನ್ನು ಅವರು ಕರೆಯುತ್ತಿದ್ದದ್ದು ‘ಎಕ್ಸ್-ರೇ ಸಾಹೇಬ್ರು’ ಎಂದು.

“ಎಕ್ಸ್-ರೇ ಸಾಹೇಬ್ರೇ, ನಮ್ಮ ಹುಡುಗೀನ ಒಂದ್ಸಲ ನಿಮ್ಮ ಮಿಷನ್ ಕೆಳಗೆ ಮಲಗಿಸಿ. ಒಳಗೇನಿದೆ ಅಂತ ಮೂವತ್ತೆಂಟು ವರ್ಷದಿಂದ ನಂಗೂ ಗೊತ್ತಾಗಿಲ್ಲ.”

“ಮೂಳೆ ಇರುತ್ತೆ ಮಾವ,” ಎಂದಳು ಅವಳು, ತಲೆ ಎತ್ತದೆ.

“ಬರೀ ಮೂಳೆನಾ?” ಎಂದ ಅವನು.

ಆಗ ತಲೆ ಎತ್ತಿದಳು. ಕನ್ನಡಕದ ಗಾಜಿನ ಮೇಲೆ ಪುಡಿ ಕೂತಿತ್ತು. ಅದರ ಹಿಂದೆ ಕಣ್ಣು ನಕ್ಕಿತೋ ಗದರಿತೋ ಅವನಿಗೆ ತಿಳಿಯಲಿಲ್ಲ. ಆ ಭಾನುವಾರವೆಲ್ಲ ಅದನ್ನೇ ಯೋಚಿಸಿದ.

ಫೈಬರ್ ಎಂದರೆ ಗಾಜಿನ ಎಳೆ, ಅದರ ಪುಡಿ ಚರ್ಮಕ್ಕೆ ಹೊಕ್ಕರೆ ತುರಿಕೆ. ಎರಡನೇ ತಿಂಗಳಲ್ಲಿ ಒಮ್ಮೆ ಅವನು ಅಂಗಿಯ ತೋಳು ಮಡಚಿಕೊಂಡು ಕೆಲಸ ಮಾಡಿ, ಸಂಜೆಯ ಹೊತ್ತಿಗೆ ಮುಂಗೈಯನ್ನು ಕೆಂಪಗೆ ಕೆರೆದುಕೊಂಡಿದ್ದ. ಅವಳು ಅವನನ್ನು ಮರದ ಪೆಟ್ಟಿಗೆಯ ಮೇಲೆ ಕೂರಿಸಿ, ಅಗಲದ ಟೇಪನ್ನು ಅವನ ಮುಂಗೈಗೆ ಅಂಟಿಸಿ, ಮೆಲ್ಲಗೆ ಎಳೆದಳು. ಟೇಪಿನ ಮೇಲೆ ಸಣ್ಣ ಗಾಜಿನೆಳೆಗಳು ಬೆಳಕಿಗೆ ಮಿನುಗಿದವು.

“ಕೂದಲೂ ಬಂತಲ್ರೀ.”

“ಗಾಜು ಬರಬೇಕು ಅಂದ್ರೆ ಕೂದಲೂ ಬರುತ್ತೆ. ಇನ್ನೊಂದು ಕೈ ಕೊಡಿ.”

“ಆ ಕೈ ತುರಿಸ್ತಿಲ್ಲ.”

“ಮತ್ತೆ ಯಾಕೆ ಮುಂದೆ ಚಾಚಿದೀರಾ?”

ಅವನು ಕೈಯನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ. ಅವಳು ಆ ಕೈಗೂ ಟೇಪು ಅಂಟಿಸಿದಳು. ಅಂಟಿಸಿದ ಮೇಲೆ ಎಳೆಯಲು ಬೇಕಾದದ್ದಕ್ಕಿಂತ ತುಸು ಹೆಚ್ಚು ಹೊತ್ತು ತೆಗೆದುಕೊಂಡಳು.

ಆವತ್ತು ಅವಳು ತನ್ನ ವಿಷಯ ಸ್ವಲ್ಪ ಹೇಳಿದಳು. ಹತ್ತು ವರ್ಷದ ಹಿಂದೆ ಮದುವೆ ಗೊತ್ತಾಗಿತ್ತು. ಹುಡುಗ ಒಳ್ಳೆಯವನೇ. ಶೆಡ್ಡಿನ ಕೆಲಸ ಬಿಟ್ಟರೆ ನಿನ್ನ ತಲೆಗೂದಲಿನ ರೆಸಿನ್ ಅಂಟಿನ ವಾಸನೆ ಹೋಗುತ್ತದೆ ಎಂದಿದ್ದ.

“ನೀವೇನಂದ್ರಿ?”

“ಹೋಗಲ್ಲ ಅಂದೆ. ಅವನೇ ಹೋದ.”

ದುಃಖವೇನೂ ಇರಲಿಲ್ಲ ದನಿಯಲ್ಲಿ. ಅವನು ನಗಬೇಕೋ ಬೇಡವೋ ಎಂದು ನೋಡಿದ. ಅವಳೇ ನಕ್ಕಳು.

ಮೂರನೇ ತಿಂಗಳಲ್ಲಿ ಹೊಸ ತೊಲೆಗಳು ಬಂದವು. ದೋಣಿಯ ತಳ ಎಲ್ಲಿ ಎಷ್ಟು ಬಾಗಿದೆಯೋ ಅದಕ್ಕೆ ತಕ್ಕಂತೆ ರಟ್ಟಿನಲ್ಲಿ ಮೊದಲು ಕತ್ತರಿಸಿ, ಆಮೇಲೆ ಪ್ಲೈವುಡ್ಡಿನಲ್ಲಿ. ತೊಲೆಯಡಿಗೆ ರೆಸಿನ್ನಿಗೆ ಪುಡಿ ಬೆರೆಸಿ ಕಲಸಿದ ಹಿಟ್ಟನ್ನು ದಪ್ಪಗೆ ಹಾಸಿ, ತೊಲೆಯನ್ನು ಅದರಲ್ಲಿ ಅದುಮಿ, ಮೇಲೆ ಫೈಬರ್ ಬಟ್ಟೆ ಹೊದಿಸಿ, ರೋಲರಿನಿಂದ ಗಾಳಿಗುಳ್ಳೆಗಳನ್ನು ಓಡಿಸಬೇಕು. ರೆಸಿನ್ ಗಟ್ಟಿಯಾಗಲು ಹಾರ್ಡನರ್ ಹನಿಸಬೇಕು. ಕಡಿಮೆಯಾದರೆ ಗಟ್ಟಿಯಾಗುವುದಿಲ್ಲ, ಹೆಚ್ಚಾದರೆ ಕೈಯಲ್ಲಿರುವಾಗಲೇ ಕಲ್ಲಾಗುತ್ತದೆ.

ಎಡಗಡೆಯ ತೊಲೆಯನ್ನು ಇಬ್ಬರೂ ಕೂಡಿ ಕೂರಿಸಿದರು. ಬಲಗಡೆಯದ್ದನ್ನು ಕೂರಿಸಬೇಕಾದ ಶನಿವಾರ ಅವಳಿಗೆ ಜ್ವರ ಬಂತು. ಶೆಡ್ಡಿನ ಹಿಂದಿನ ಮನೆಯಲ್ಲಿ ಕಂಬಳಿ ಹೊದ್ದು ಮಲಗಿದ್ದಳು. ಅವನು ಒಬ್ಬನೇ ತೊಲೆ ಕೂರಿಸಿದ. ಮಧ್ಯಾಹ್ನದ ಹೊತ್ತಿಗೇ ಬಂದು ಅವಳ ಕೋಣೆಯ ಬಾಗಿಲಲ್ಲಿ ನಿಂತ. ಕೈಯಲ್ಲಿ ಕಿತ್ತಳೆಹಣ್ಣಿನ ಚೀಲ.

“ಇಷ್ಟು ಬೇಗ ಆಯ್ತಾ?”

“ಆಯ್ತು.”

ಒಂದು ಹಣ್ಣು ಸುಲಿದು, ತೊಳೆಗಳ ಮೇಲಿನ ಬಿಳಿ ನಾರನ್ನೂ ಬಿಡಿಸಿ, ತಟ್ಟೆಯಲ್ಲಿ ಜೋಡಿಸಿಟ್ಟು ಹೋದ. ಅವಳು ಕಣ್ಣು ಮುಚ್ಚಿಕೊಂಡು ತಿಂದಳು. ಜ್ವರದ ಬಾಯಿಗೆ ರುಚಿ ತಿಳಿಯಬಾರದಿತ್ತು. ಆದರೂ ತಿಳಿಯಿತು.

ಹಾಜರಾಗಲು ಹತ್ತು ದಿನ ಉಳಿದಿತ್ತು. ಇನ್ನು ಹೊಸ ನೆಲ ಮುಚ್ಚುವುದು, ಬಣ್ಣ ಹೊಡೆಯುವುದು ಬಾಕಿ. ನೆಲ ಮುಚ್ಚುವ ಮುಂಚೆ ಅವಳು ಸಣ್ಣ ಸುತ್ತಿಗೆ ಹಿಡಿದು ತೊಲೆಗಳನ್ನು ಉದ್ದಕ್ಕೂ ತಟ್ಟುತ್ತ ಬಂದಳು. ಎಡಗಡೆ ಟಕ್ ಟಕ್ ಎಂದು ಗಟ್ಟಿ ದನಿ. ಬಲಗಡೆಯೂ ಅದೇ. ನಡುವೆ ಒಂದು ಕಡೆ ಮಾತ್ರ, ಎರಡು ಗೇಣಿನಷ್ಟು ಉದ್ದ, ದನಿ ಬೇರೆಯಾಯಿತು. ಒಳಗೆ ಖಾಲಿ ಇದ್ದಂತೆ.

ಅವಳು ಮತ್ತೆ ತಟ್ಟಿದಳು. ಆಮೇಲೆ ಸುತ್ತಿಗೆಯನ್ನು ಕೆಳಗಿಟ್ಟು ಅಲ್ಲೇ ಕುಳಿತಳು.

ಟೊಳ್ಳು ನಿಜವಿದ್ದರೆ ತೊಲೆಯನ್ನು ಬಿಚ್ಚಿ ಮತ್ತೆ ಕೂರಿಸಬೇಕು. ಮೂರು ವಾರದ ಕೆಲಸ. ಅವನು ಈ ದೋಣಿಯಲ್ಲಿ ಹೋಗುವಂತಿಲ್ಲ. ಅವನ ದೋಣಿ ಇಲ್ಲೇ ಉಳಿಯುವಂತೆ ಈ ಹತ್ತು ದಿನಗಳಲ್ಲಿ ಏನಾದರೊಂದು ಕೆಡಲಿ ಎಂದು ಅವಳು ಬಯಸಿರಲಿಲ್ಲವೇ? ಬಯಸಿದ್ದಳು. ಹಾಗಾಗಿ ತನ್ನ ಕಿವಿಯ ಮೇಲೇ ಅವಳಿಗೆ ಅನುಮಾನ.

“ಮಾವ, ಇಲ್ಲಿ ತಟ್ತೀನಿ. ಹೇಗೆ ಕೇಳುತ್ತೆ ಹೇಳಿ.”

ಮಾವ ನಲವತ್ತು ವರ್ಷ ಗ್ರೈಂಡರ್ ಹಿಡಿದವರು. ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು ಬಗ್ಗಿದರು.

“ತಟ್ಟು.”

“ತಟ್ಟಿದೆ ಮಾವ.”

“ಯಾವಾಗ?”

ಆ ದಾರಿಯೂ ಮುಚ್ಚಿತು. ಶನಿವಾರ ಅವನು ಬಂದಾಗ ಅವಳು ಅಡ್ಡಮಾತಿಗೆ ಹೋಗಲಿಲ್ಲ.

“ಬಲಗಡೆ ತೊಲೆ ಕೆಳಗೆ ಟೊಳ್ಳಿದೆ ಅನ್ಸುತ್ತೆ. ಬಿಚ್ಚಬೇಕು. ನೀವು ವಾರದ ಲಾಂಚಲ್ಲಿ ಹೋಗಿ ಹಾಜರಾಗಿ. ದೋಣಿ ಆಮೇಲೆ.”

ಅವನ ಮುಖ ಸಪ್ಪಗಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಅವನು ತುಟಿ ಕಚ್ಚಿಕೊಂಡು ಬೇರೆ ಕಡೆ ನೋಡಿದ. ನಗು ತಡೆಯುತ್ತಿದ್ದಂತಿತ್ತು.

“ಬಿಚ್ಚೋಣ ಬಿಡಿ,” ಎಂದ. “ಅವಸರ ಏನಿದೆ?”

ಗ್ರೈಂಡರಿನಿಂದ ಫೈಬರ್ ಬಟ್ಟೆಯನ್ನು ಸೀಳಿ ಅವಳು ತೊಲೆಯ ಅಂಚನ್ನು ಬಿಡಿಸಿದಳು. ಟಾರ್ಚು ಹಿಡಿದು ಇಬ್ಬರೂ ತಲೆ ತಾಗುವಷ್ಟು ಹತ್ತಿರ ಬಗ್ಗಿದರು. ತೊಲೆಯಡಿಯ ಹಿಟ್ಟು ಒಂದು ಕಡೆ ಉಂಡೆಯಾಗಿ ನಿಂತು, ಮುಂದಕ್ಕೆ ಹರಡಿಯೇ ಇರಲಿಲ್ಲ. ಎರಡು ಗೇಣು ಉದ್ದ, ಬೆರಳು ತೂರುವಷ್ಟು ಸಂದು.

ಅವನ ಮುಖ ಆಗ ಸಪ್ಪಗಾಯಿತು.

“ನಿಜವಾಗ್ಲೂ ಇತ್ತಾ?”

“ಇಲ್ದೇ ಹೇಳ್ತೀನಾ?”

“ಇಲ್ದೇ ಹೇಳಿದೀರ ಅಂದ್ಕೊಂಡೆ.” ಅವನು ಟಾರ್ಚನ್ನು ಆರಿಸಿದ. “ದೋಣಿ ಇಲ್ಲೇ ಉಳಿದ್ರೆ ನಾನು ವಾಪಸ್ ಬರ್ತೀನಿ ಅಂತ. ಒಂದು ಅರ್ಧ ಗಂಟೆ ಎಷ್ಟು ಖುಷಿಯಾಗಿದ್ದೆ ಗೊತ್ತಾ?”

ಅವಳು ಹಿಟ್ಟಿನ ಉಂಡೆಯನ್ನು ಉಗುರಿನಿಂದ ಕೆರೆದು ನೋಡಿದಳು. ಅದರ ಬಣ್ಣ ಕಂದಿತ್ತು, ಸುಟ್ಟಂತೆ.

“ಹಾರ್ಡನರ್ ಎಷ್ಟು ಹಾಕಿದ್ರಿ?”

ಅವನು ಟಾರ್ಚನ್ನು ಪೆಟ್ಟಿಗೆಯ ಮೇಲಿಟ್ಟ.

“ಎಷ್ಟು?”

“ಡಬಲ್.”

“ಯಾಕೆ? ಎಷ್ಟು ಹಾಕ್ಬೇಕು ಅಂತ ಬಕೆಟ್ ಮೇಲೆ ಬರೆದಿಟ್ಟಿದ್ದೆನಲ್ಲ.”

“ಬೇಗ ಗಟ್ಟಿ ಆಗ್ಲಿ ಅಂತ. ಗಟ್ಟಿ ಆಗೋವರೆಗೂ ಬಿಟ್ಟು ಬರಬಾರದು ಅಂತ ನೀವೇ ಹೇಳಿದ್ರಿ. ನಿಮಗೆ ಜ್ವರ. ಹಣ್ಣಿನಂಗಡಿ ಒಂದು ಗಂಟೆಗೆ ಮುಚ್ಚುತ್ತೆ.”

ಶೆಡ್ಡಿನ ತಗಡಿನ ಮೇಲೆ ಯಾವುದೋ ಹಕ್ಕಿ ಓಡಾಡಿದ ಸದ್ದು. ಬಾಗಿಲ ಬಳಿ ಮಾವ ಪೇಪರ್ ಮಗುಚಿದರು.

“ನನಗೂ ಒಂದು ಅನುಮಾನ ಇತ್ತು,” ಎಂದಳು ಕೊನೆಗೆ. “ದನಿ ಟೊಳ್ಳಾಗಿ ಕೇಳ್ತಿದೆಯೋ, ಕೇಳ್ಲಿ ಅಂತ ನಾನೇ ಕಾಯ್ತಿದ್ದೀನೋ ಅಂತ.”

ಇಷ್ಟೇ ಹೇಳಿದಳು. ಅವಳ ಮಟ್ಟಿಗೆ ಅದು ಬಹಳ. ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಉಳಿಯನ್ನು ಅವನ ಕೈಗೆ ಕೊಟ್ಟು, “ಆ ಕಡೆಯಿಂದ ಬಿಡಿಸ್ತಾ ಬನ್ನಿ,” ಎಂದಳು. ಸಂಜೆಯವರೆಗೂ ಇಬ್ಬರೂ ಎದುರುಬದುರು ಕುಳಿತು ತೊಲೆಯನ್ನು ಬಿಡಿಸಿದರು. ಕೆಲಸ ನಿಧಾನವಾಗಿ ಸಾಗಿತು. ಯಾರಿಗೂ ಬೇಸರವಾಗಲಿಲ್ಲ.

ಅವನು ಎರಡು ಸೂಟ್‌ಕೇಸ್ ಹಿಡಿದು ಲಾಂಚ್ ಹತ್ತಿ ಹೋದ. ಅವಳು ಕಳಿಸಿಕೊಡಲು ಹೋಗಲಿಲ್ಲ. ಅವತ್ತು ಹೊಸ ಹಿಟ್ಟು ಹಾಸಿದ್ದಳು, ಬಿಟ್ಟು ಬರುವಂತಿರಲಿಲ್ಲ. ಅವನಿಗೆ ಅದು ಅರ್ಥವಾಗಿತ್ತು. ದಿನಾ ಸಂಜೆ ಫೋನ್ ಮಾಡುತ್ತಿದ್ದ. ತನ್ನ ಕೋಣೆಗೆ ಎರಡು ಕಿಟಕಿಗಳಿವೆ, ಬೆಳಕು ಬಂದು ಎಕ್ಸ್-ರೇಗೆ ತೊಂದರೆ ಎಂದು ಎರಡಕ್ಕೂ ಕಪ್ಪು ಬಟ್ಟೆ ಹೊದಿಸಿದ್ದಾರೆ ಎಂದ. ಅವಳು ಬಹಳ ಹೊತ್ತು ನಕ್ಕಳು. ಮಾವ ಪೇಪರಿನಿಂದ ತಲೆ ಎತ್ತಿ ನೋಡಿದರು. ಆ ನಗು ಮಾತ್ರ ಅವರಿಗೆ ಕೇಳಿಸಿತ್ತು.

ನೆಲ ಮುಚ್ಚಿತು. ಬಣ್ಣ ಒಣಗಿತು. ದೋಣಿಯನ್ನು ನೀರಿಗಿಳಿಸಿ ಎರಡು ದಿನ ಓಡಿಸಿ ನೋಡಿದಳು. ಒಂದು ಹನಿಯೂ ಒಳಗೆ ಬರಲಿಲ್ಲ.

“ನಾನೇ ತಲುಪಿಸಿ ಬರ್ತೀನಿ ಮಾವ.”

“ಲಾರಿಯಲ್ಲಿ ಹಾಕಿ ದೊಡ್ಡ ದೋಣಿಗೆ ಏರಿಸಿದ್ರೆ ಆಗಲ್ವಾ?”

“ಆಗುತ್ತೆ.”

ಮಾವ ಅವಳ ಮುಖವನ್ನೇ ನೋಡಿದರು. “ಸ್ವೆಟರ್ ತಗೊಂಡು ಹೋಗು,” ಎಂದರು.

ಎರಡೂವರೆ ಗಂಟೆಯ ದಾರಿ. ನೀರು ಶಾಂತವಾಗಿತ್ತು. ಮಧ್ಯಾಹ್ನ ಅವಳು ದ್ವೀಪದ ಕಟ್ಟೆಗೆ ದೋಣಿ ತಂದಾಗ ಅವನು ಬಿಳಿ ಕೋಟಿನಲ್ಲೇ ಓಡಿ ಬಂದಿದ್ದ. ಅವಳು ಎಸೆದ ಹಗ್ಗವನ್ನು ಹಿಡಿದು ಗೂಟಕ್ಕೆ ಮೂರು ಸುತ್ತು ಸುತ್ತಿದ. ಅವಳು ಮೇಲೆ ಹತ್ತಿ ಬಂದು ಅದನ್ನು ಬಿಚ್ಚಿ ಸರಿಯಾಗಿ ಕಟ್ಟಿದಳು. ಅವನು ದೋಣಿಯ ಕಡೆ ನೋಡಿದ್ದು ಆಮೇಲೆ, ಅದೂ ಅರೆಗಳಿಗೆ.

“ಚೆನ್ನಾಗಿದೆ.”

“ನೋಡ್ಲೇ ಇಲ್ಲವಲ್ಲ.”

“ನೋಡ್ತಿದೀನಿ,” ಎಂದ, ಅವಳನ್ನೇ ನೋಡುತ್ತ.

ಅವಳು ಸ್ವೆಟರಿನ ತೋಳನ್ನು ಕೆಳಗೆಳೆದುಕೊಂಡಳು.

“ವಾಪಸ್ ಹೇಗೆ ಹೋಗ್ತೀರಾ?”

“ಲಾಂಚಲ್ಲಿ.”

“ಲಾಂಚ್ ಬೆಳಿಗ್ಗೆನೇ ಹೊರಟುಹೋಯ್ತಲ್ಲ. ಇನ್ನು ಬರೋದು ಮುಂದಿನ ವಾರ.”

“ಗೊತ್ತು,” ಎಂದಳು ಅವಳು. “ದಾರಿಯಲ್ಲಿ ಎದುರಾಯ್ತು. ಅದರಲ್ಲಿದ್ದೋರು ಕೈ ಬೀಸಿದ್ರು. ನಾನೂ ಬೀಸಿದೆ.”

ಅವನಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕೋಟಿನ ಜೇಬಿಗೆ ಹಾಕಿದ, ತೆಗೆದ. ಕಟ್ಟೆಯ ಮೇಲೆ ಅವರಿಬ್ಬರನ್ನು ಬಿಟ್ಟು ಯಾರೂ ಇರಲಿಲ್ಲ. ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಅವರು ಒಬ್ಬರಿಗೊಬ್ಬರು ‘ನೀವು’ ಎಂದೇ ಮಾತಾಡಿದ್ದರು.

“ಊಟ ಮಾಡಿದ್ಯಾ?” ಎಂದ.

ಅವಳು ಕೇಳಿಸಿಕೊಂಡಳು. ಅವನ ಕೈಯನ್ನು ಜೇಬಿನಿಂದ ಹೊರಗೆಳೆದು ತನ್ನ ಕೈಯಲ್ಲಿ ಹಿಡಿದುಕೊಂಡಳು.

“ಇಲ್ಲ. ನೀನು?”